ಮಾರಾಟಕ್ಕಿಡುವ ಮನೆಯ ದುರಸ್ತಿ: ವಿಜಯಪುರದ ಎರೆನೆಲದಲ್ಲಿ ಯಾವುದು ಮೊದಲು, ಯಾವುದು ಬೇಡ

ಮನೆ ಮಾರುವುದೆಂದು ಮನೆಯವರೆಲ್ಲ ಕೂತು ತೀರ್ಮಾನಿಸಿದ ಮರುದಿನವೇ ಬಣ್ಣ ಬಳಿಯುವವರನ್ನು ಕರೆಸುವುದು ನಮ್ಮ ಕಡೆ ನಡೆದುಬಂದ ರೂಢಿ. ಹತ್ತಾರು ವರ್ಷ ಸುಣ್ಣ ಕಾಣದ ಗೋಡೆಗೂ ಆ ವಾರ ಹೊಸ ಬಣ್ಣ ಬರುತ್ತದೆ, ಮುಂಬಾಗಿಲಿಗೆ ಪಾಲಿಶ್ ಬೀಳುತ್ತದೆ, ಅಡುಗೆಮನೆಗೆ ಹೊಳೆಯುವ ಟೈಲ್ಸ್ ಬಂದು ಕೂರುತ್ತವೆ. ಕೊಳ್ಳಲು ಬಂದವರು ಮಾತ್ರ ಅದಾವುದನ್ನೂ ಹೆಚ್ಚು ಹೊತ್ತು ನೋಡದೆ ಮೊದಲು ಮಾಳಿಗೆ ಹತ್ತುತ್ತಾರೆ, ಬಚ್ಚಲಿನ ಹಿಂದಿನ ಗೋಡೆಯನ್ನು ಅಂಗೈಯಿಂದ ಒತ್ತಿ ನೋಡುತ್ತಾರೆ, ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಕೇಳುತ್ತಾರೆ, ಹೊರಡುವಾಗ ಉತಾರದ (ಆಸ್ತಿ ದಾಖಲೆಯ ಪ್ರತಿಯ) ಝೆರಾಕ್ಸ್ ಬೇಡುತ್ತಾರೆ.

ವಿಜಯಪುರದಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಮನೆಯನ್ನು ಮಾರಲು ಹೊರಟಾಗ ನಾನೂ ಬಣ್ಣದ ಕ್ಯಾಟಲಾಗ್ ಹಿಡಿದೇ ಕೂತಿದ್ದೆ. ನಮ್ಮ ಕಾಕಾ ಒಂದೇ ಮಾತು ಹೇಳಿದರು: “ಮೊದಲ ಮಾಳಗಿ ನೋಡೊ ತಮ್ಮಾ, ಬಣ್ಣ ಆಮ್ಯಾಲ ಹಚ್ಚೀಯಂತ.” ಆ ಮಾತಿನ ಬೆಲೆ ನನಗೆ ತಿಳಿದದ್ದು ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ. ಮಾರುವ ಮನೆಗೆ ಮಾಡುವ ದುರಸ್ತಿಯ ಉದ್ದೇಶ ಕೊಳ್ಳುವವರ ಮನಸ್ಸಿನ ಸಂಶಯವನ್ನು ತೆಗೆಯುವುದು. ಸೋರಿಕೆ, ಬಿರುಕು, ಕಾಗದಪತ್ರ, ಇವುಗಳ ಬಗೆಗಿನ ಸಂಶಯ ತೆಗೆಯಲು ಹಾಕಿದ ಹಣ ಬೆಲೆಯಲ್ಲಿ ಮರಳಿ ಬರುತ್ತದೆ; ಅಂದ ಹೆಚ್ಚಿಸಲು ಹಾಕಿದ ಹಣ ಬಹುಮಟ್ಟಿಗೆ ಬರುವುದಿಲ್ಲ, ಏಕೆಂದರೆ ಅಂದದ ವಿಷಯದಲ್ಲಿ ಅವರ ರುಚಿ ಬೇರೆ, ನಿಮ್ಮ ರುಚಿ ಬೇರೆ.

ವರ್ಷದ ಯಾವ ತಿಂಗಳಲ್ಲಿ ಯಾವ ಕೆಲಸ

ನಮ್ಮ ಭಾಗದ ಹವೆಯೇ ಈ ಕೆಲಸದ ವೇಳಾಪಟ್ಟಿಯನ್ನು ಬರೆದುಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವನ್ನು ಪರೀಕ್ಷೆಯ ಕಾಲವೆಂದು ಇಟ್ಟುಕೊಳ್ಳಿ: ಪ್ರತಿ ದೊಡ್ಡ ಮಳೆಯ ಮರುದಿನ ಕೋಣೆ ಕೋಣೆಯ ಮೇಲ್ಛಾವಣಿಯನ್ನೂ ಗೋಡೆಯನ್ನೂ ನೋಡಿ, ತೇವ ಕಂಡ ಜಾಗದ ಸುತ್ತ ಸೀಸದ ಕಡ್ಡಿಯಿಂದ ಗೆರೆ ಎಳೆದು ತಾರೀಖು ಬರೆಯಿರಿ. ಬೇಸಿಗೆಯಲ್ಲಿ ನೋಡಿದರೆ ಯಾವ ಮನೆಯೂ ಸೋರುವುದಿಲ್ಲ. ಅಕ್ಟೋಬರ್‌ನಿಂದ ಜನವರಿಯವರೆಗೆ ಗವಂಡಿ (ಗಾರೆ) ಕೆಲಸ, ಕೊನೆಯಲ್ಲಿ ಬಣ್ಣ. ಸಂಕ್ರಾಂತಿ ಕಳೆದ ಮೇಲೆ ಮನೆ ತೋರಿಸಲು ಶುರುಮಾಡಿದರೆ ಯುಗಾದಿ, ಅಕ್ಷಯ ತೃತೀಯದ ಮುಹೂರ್ತಗಳೂ, ಶಾಲೆ ಬದಲಾಯಿಸುವ ಕುಟುಂಬಗಳ ಹುಡುಕಾಟವೂ ಅದೇ ತಿಂಗಳುಗಳಲ್ಲಿ ಬರುತ್ತವೆ. ಆಷಾಢ ಬಂದಿತೆಂದರೆ ಸಂಚಕಾರ (ಮುಂಗಡ) ಕೊಡಲು ಜನ ಹಿಂಜರಿಯುತ್ತಾರೆ.

ಗವಂಡಿ ಕೆಲಸವನ್ನು ಬೇಸಿಗೆಗೆ ತಳ್ಳಬಾರದೆನ್ನುವುದಕ್ಕೆ ತಾಂತ್ರಿಕ ಕಾರಣವೂ ಇದೆ. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಆದ್ದರಿಂದ ಹೊಸ ಗಿಲಾವಿಗೆ (ಪ್ಲಾಸ್ಟರಿಗೆ) ಕನಿಷ್ಠ 7 ದಿನ, ಒಣಹವೆಯಲ್ಲಿ 10 ದಿನ ನೀರುಣಿಸಬೇಕು. ಏಪ್ರಿಲ್‌-ಮೇ ತಿಂಗಳಲ್ಲಿ ತಾಪ 40 ಡಿಗ್ರಿ ದಾಟುವ ವಿಜಯಪುರದಲ್ಲಿ ಬೆಳಿಗ್ಗೆ ಹೊಡೆದ ನೀರು ಹತ್ತು ಗಂಟೆಗೆ ಆರಿಹೋಗುತ್ತದೆ, ನೀರಿನ ಅಭಾವವೂ ಆಗಲೇ ಹೆಚ್ಚು. ಹಾಗೆ ನೀರು ಕಾಣದೆ ಒಣಗಿದ ಗಿಲಾವು ಬಣ್ಣ ಹಚ್ಚಿದ ತಿಂಗಳೊಳಗೆ ಜೇಡರ ಬಲೆಯಂತೆ ಬಿರಿಯುತ್ತದೆ. ಬೆಳಗಾವಿಯವರಿಗೆ ಈ ತೊಂದರೆ ಕಡಿಮೆ, ಆದರೆ ಅಲ್ಲಿಯ ಜೋರುಮಳೆಯಲ್ಲಿ ನೆನೆದ ಗೋಡೆ ಪೂರ್ತಿ ಆರಲು ಡಿಸೆಂಬರ್ ಬರಬೇಕಾಗುತ್ತದೆ. ಪಶ್ಚಿಮದ ಗೋಡೆಗಂತೂ ಇನ್ನೂ ಸಮಯ ಕೊಡಬೇಕು.

ಕೆಲಸಗಾರರ ಹಬ್ಬಹರಿದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ವಾರ ವಿಜಯಪುರದಲ್ಲಿ ಗವಂಡಿ ಸಿಗುವುದಿಲ್ಲ. ಬಾದಾಮಿ ಭಾಗದಲ್ಲಿ ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೂ ಹಾಗೆಯೇ.

ದುರಸ್ತಿಗಿಂತ ಮೊದಲು ಕಾಗದ

ಒಂದು ರೂಪಾಯಿ ಖರ್ಚು ಮಾಡುವ ಮುನ್ನ ಕಾಗದಪತ್ರ ತೆಗೆದು ನೋಡಿ. ಎಷ್ಟು ಖರ್ಚು ಮಾಡಬಹುದು, ಮಾಡಬೇಕೇ ಬೇಡವೇ ಎನ್ನುವುದು ಅಲ್ಲಿಯೇ ನಿರ್ಧಾರವಾಗುತ್ತದೆ. ಖರೀದಿ ಪತ್ರ, ಸಿಟಿ ಸರ್ವೇ ಉತಾರ, ಎನ್.ಎ. (ಕೃಷಿಯೇತರ ಬಳಕೆಯ) ಆದೇಶ, ಕಟ್ಟಡದ ಪರವಾನಗಿ ಮತ್ತು ನಕ್ಷೆ, ಆಸ್ತಿ ತೆರಿಗೆಯ ರಸೀದಿ, ಋಣಭಾರ ಪ್ರಮಾಣಪತ್ರ, ಇಷ್ಟನ್ನು ಒಂದು ಫೈಲಿನಲ್ಲಿ ಹಾಕಿಟ್ಟುಕೊಳ್ಳಿ. ರಾಜ್ಯದ ನಗರಪ್ರದೇಶಗಳಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತೆಯಿಲ್ಲದೆ ಖರೀದಿ ಪತ್ರ ನೋಂದಣಿಯಾಗುವುದಿಲ್ಲವಾದ್ದರಿಂದ, ಇನ್ನೂ ಮಾಡಿಸಿರದಿದ್ದರೆ ಮಳೆಗಾಲದಲ್ಲೇ ಅರ್ಜಿ ಹಾಕಿ. ತಂದೆಯ ಹೆಸರಿನಲ್ಲೇ ಉಳಿದ ಮನೆಯಾದರೆ ವಾರಸಾ ನೋಂದಣಿ, ಅಣ್ಣತಮ್ಮಂದಿರ ಮತ್ತು ಅಕ್ಕತಂಗಿಯರ ಒಪ್ಪಿಗೆ, ವಾಟ್ನಿ (ಪಾಲು ವಿಭಾಗದ) ಪತ್ರ ಇವೆಲ್ಲ ಮುಗಿಯುವವರೆಗೆ ದೊಡ್ಡ ಖರ್ಚಿಗೆ ಕೈಹಾಕಬೇಡಿ. ಒಬ್ಬರು ತಮ್ಮ ಕೈಯಿಂದ ಹಣ ಹಾಕಿ ದುರಸ್ತಿ ಮಾಡಿಸಿ, ಆಮೇಲೆ ಅದನ್ನು ಪಾಲಿನಲ್ಲಿ ಹಿಡಿಯುವುದು ಹೇಗೆಂದು ಮನಸ್ತಾಪವಾಗುವುದನ್ನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಯಾರು ಎಷ್ಟು ಹಾಕುತ್ತಾರೆ, ಮಾರಾಟದ ಹಣದಲ್ಲಿ ಅದನ್ನು ಮೊದಲು ಮುರಿದುಕೊಳ್ಳಬೇಕೇ ಎನ್ನುವುದನ್ನು ಬರೆದು ಎಲ್ಲರ ಸಹಿ ಹಾಕಿಸಿಟ್ಟುಕೊಳ್ಳುವುದು ಸಂಬಂಧಕ್ಕೂ ಒಳ್ಳೆಯದು.

ನಂತರ ಟೇಪು ಹಿಡಿದು ಮನೆಯನ್ನು ಅಳೆದು ಖಾತೆಯಲ್ಲಿರುವ ಅಳತೆಗೆ ಹೋಲಿಸಿ. ಮಗನ ಮದುವೆಗೆಂದು ಮೇಲೆ ಎಬ್ಬಿಸಿದ ಕೋಣೆ, ಬಾಡಿಗೆಗೆಂದು ಹಿತ್ತಲಲ್ಲಿ ಕಟ್ಟಿದ ಎರಡು ಅಂಕಣ ದಾಖಲೆಯಲ್ಲಿ ಇಲ್ಲದಿರುವುದು ಸಾಮಾನ್ಯ. ಕೊಳ್ಳುವವರು ಬ್ಯಾಂಕಿನ ಸಾಲ ಪಡೆಯುವವರಾದರೆ ಬ್ಯಾಂಕಿನ ಮೌಲ್ಯಮಾಪಕರು ಮಂಜೂರಾದ ನಕ್ಷೆಯನ್ನು ಕೇಳುತ್ತಾರೆ. ನಕ್ಷೆಯಲ್ಲಿಲ್ಲದ ಕೋಣೆಗೆ ಅವರ ಲೆಕ್ಕದಲ್ಲಿ ಬೆಲೆ ಸಿಗುವುದು ಕಷ್ಟ. ಅಂಥ ಕೋಣೆಗೆ ಗ್ರಾನೈಟ್ ಹಾಕಿಸಿ ಪ್ರಯೋಜನವಿಲ್ಲ. ಗಿಲಾವು, ನೆಲಹಾಸು, ಬಣ್ಣದಂಥ ಒಳಗಿನ ಕೆಲಸಕ್ಕೆ ಸಾಮಾನ್ಯವಾಗಿ ಕಟ್ಟಡ ಪರವಾನಗಿಯ ಗೊಡವೆಯಿರುವುದಿಲ್ಲ, ಆದರೆ ಹೊಸ ಕೋಣೆ, ಮಹಡಿ ಸೇರಿಸಲು ಪಾಲಿಕೆ ಇಲ್ಲವೆ ನಗರಸಭೆಯ ಪರವಾನಗಿ ಬೇಕೇಬೇಕು.

ವಿಜಯಪುರದ ಹಳೆಯ ಊರಿನಲ್ಲಿ ಮನೆಯಿರುವವರು ಇನ್ನೊಂದು ಸಂಗತಿಯನ್ನು ಮರೆಯಬಾರದು. ಗೋಲಗುಮ್ಮಟ, ಜಾಮಿಯಾ ಮಸೀದಿ, ಬಾರಾ ಕಮಾನ್, ಅಸರ್ ಮಹಲ್ ಮೊದಲಾದ ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ ಮತ್ತೆ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ಇರುವ ಮನೆಯ ದುರಸ್ತಿ ಮತ್ತು ನವೀಕರಣಕ್ಕೂ ಮುಂಚಿತವಾಗಿ ಅನುಮತಿ ಪಡೆಯಬೇಕು. ನಿಯಂತ್ರಿತ ವಲಯದಲ್ಲಿಯೂ ಅನುಮತಿ ಬೇಕು. ಇದು 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯ ನಿಯಮ. ಕೊಳ್ಳುವವರು ಹಳೆಯ ಮನೆ ಕೆಡವಿ ಹೊಸದು ಕಟ್ಟುವ ಯೋಚನೆಯಲ್ಲಿ ಬಂದಿರಬಹುದಾದ್ದರಿಂದ ಮನೆ ಯಾವ ವಲಯದಲ್ಲಿದೆಯೆಂದು ನೀವೇ ಮೊದಲು ಹೇಳಿಬಿಡಬೇಕು.

ಬಾಗಲಕೋಟೆಯಲ್ಲಿ ಪ್ರಶ್ನೆ ಬೇರೆ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಜನೆಯ ಹಿನ್ನೆಲೆಯಲ್ಲಿ ಹಳೆಯ ಊರಿನಲ್ಲೋ ನದಿದಂಡೆಯ ಊರುಗಳಲ್ಲೋ ಮನೆಯಿದ್ದರೆ, ಅದು ಭೂಸ್ವಾಧೀನದ ಪಟ್ಟಿಯಲ್ಲಿದೆಯೇ ಎಂದು ಕಚೇರಿಯಲ್ಲಿ ಬರಹದಲ್ಲಿ ಕೇಳಿಕೊಂಡು ಮುಂದಿನ ಹೆಜ್ಜೆ ಇಡಿ. ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರದ ಮನೆಯಾದರೆ ಸಂತ್ರಸ್ತರಿಗೆ ಹಂಚಿಕೆಯಾದ ನಿವೇಶನದ ಹಕ್ಕುಪತ್ರದಿಂದ ಹಿಡಿದು ಇಂದಿನ ಖಾತೆಯವರೆಗೆ ಹೆಸರಿನ ಕೊಂಡಿ ಎಲ್ಲಿಯೂ ತಪ್ಪಿರಬಾರದು. ಬೆಳಗಾವಿಯ ಕಂಟೋನ್ಮೆಂಟ್ ಪ್ರದೇಶದವರು ಕಟ್ಟಡದಲ್ಲಿ ಬದಲಾವಣೆ ಮಾಡುವ ಮುನ್ನ ಕಂಟೋನ್ಮೆಂಟ್ ಮಂಡಳಿಯಲ್ಲಿ ವಿಚಾರಿಸಬೇಕು.

ಮಾಳಿಗೆ

ಕೊಳ್ಳುವವರು ಮೊದಲು ಹತ್ತುವುದು ಮಾಳಿಗೆಯನ್ನಾದ್ದರಿಂದ ಹಣವೂ ಮೊದಲು ಅಲ್ಲಿಗೇ ಹೋಗಲಿ. ಮಾಳಿಗೆಯ ಮೇಲಿನ ಹಳೆ ಸೈಕಲ್, ಒಡೆದ ಕುಂಡ, ಉಳಿದ ಉಸುಕು ಎಲ್ಲವನ್ನೂ ಇಳಿಸಿ ಪೂರ್ತಿ ಗುಡಿಸಿ. ನೀರು ಹೊರಹೋಗುವ ಪೈಪುಗಳ ಬಾಯಿಯಲ್ಲಿ ತಾತ್ಕಾಲಿಕವಾಗಿ ಬಟ್ಟೆ ತುರುಕಿ ಒಂದು ಇಂಚಿನಷ್ಟು ನೀರು ಕಟ್ಟಿ 24 ಗಂಟೆ ಬಿಡಿ, ಕೆಳಗಿನ ಕೋಣೆಗಳಲ್ಲಿ ತೇವ ಎಲ್ಲಿ ಮೂಡುತ್ತದೆಂದು ಗುರುತು ಹಾಕಿ. ಹಳೆಯ ಅಥವಾ ಸರಳು ಕಾಣುವ ಸ್ಲ್ಯಾಬಾದರೆ ಈ ಪರೀಕ್ಷೆಯನ್ನು ಇಂಜಿನಿಯರನ್ನು ಕೇಳದೆ ಮಾಡಬೇಡಿ, ನೀರಿನ ಭಾರ ಸಣ್ಣದಲ್ಲ.

ನನ್ನ ಅನುಭವದಲ್ಲಿ ಸೋರಿಕೆ ಸ್ಲ್ಯಾಬಿನ ನಡುವಿನಿಂದ ಬರುವುದಕ್ಕಿಂತ ಅಂಚಿನಿಂದ ಬರುವುದೇ ಹೆಚ್ಚು: ಪ್ಯಾರಾಪೆಟ್ ಗೋಡೆ ಸ್ಲ್ಯಾಬನ್ನು ಸೇರುವ ಮೂಲೆ, ಪೈಪು ಗೋಡೆಯನ್ನು ತೂರಿ ಹೋಗುವ ತೂತು, ನೀರಿನ ಟಾಕಿಯ ಕಟ್ಟೆಯ ಬುಡ. ಮೂಲೆಯಲ್ಲಿ ಹಳೆಯ ಗಿಲಾವು ಕಿತ್ತು, ಸಿಮೆಂಟಿನಿಂದ ದುಂಡಗಿನ ಏರು ಕಟ್ಟಿ, ಅದರ ಮೇಲೆ ನೀರುತಡೆ ಲೇಪನವನ್ನು ಗೋಡೆಯ ಮೇಲೂ ಒಂದಡಿ ಏರಿಸಬೇಕು. ಮಾಳಿಗೆಯ ಇಳಿಜಾರು ಕನಿಷ್ಠ ನೂರಕ್ಕೆ ಒಂದರಷ್ಟು ಇರಬೇಕು, ಅಂದರೆ 10 ಅಡಿಗೆ ಸುಮಾರು ಒಂದೂಕಾಲು ಇಂಚು. ಸ್ಲ್ಯಾಬಿನ ಮೇಲೆ ಹಾಸಿದ ಹಳೆಯ ಇಟ್ಟಿಗೆಚೂರಿನ ಪದರ (ಕೋಬಾ) ಟೊಳ್ಳಾಗಿದ್ದರೆ ಅದನ್ನು ಕಿತ್ತೇ ಹೊಸದು ಹಾಕಿಸಿ. ಅದರ ಮೇಲೆಯೇ ಮತ್ತೊಂದು ಪದರ ಹಾಕಿ ಮುಗಿಸೋಣವೆಂದು ಹೇಳುವ ಗವಂಡಿಗಳು ಇದ್ದಾರೆ. ಆದರೆ ಸೋರುವ ದಾರಿ ಕೆಳಗೆ ಹಾಗೆಯೇ ಉಳಿಯುತ್ತದೆ, ಸ್ಲ್ಯಾಬಿನ ಮೇಲಿನ ಭಾರ ಮಾತ್ರ ಹೆಚ್ಚುತ್ತದೆ.

ಸ್ಲ್ಯಾಬಿನ ಕೆಳಮೈ ಉದುರಿ ತುಕ್ಕು ಹಿಡಿದ ಸರಳು ಕಾಣುತ್ತಿದ್ದರೆ ಸಡಿಲವಾದದ್ದನ್ನೆಲ್ಲ ಬಡಿದು ಬೀಳಿಸಿ, ಸರಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕುತಡೆ ಲೇಪನ ಕೊಟ್ಟು, ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಬೇಕು. ಸರಳೇ ತೆಳುವಾಗಿದ್ದರೆ ಅದು ಇಂಜಿನಿಯರ್ ನೋಡಬೇಕಾದ ಕೆಲಸ. ಅದನ್ನು ಮುಚ್ಚಲು ಪಿಒಪಿ ಸೀಲಿಂಗ್ ಹಾಕಿಸುವುದು ದಯವಿಟ್ಟು ಬೇಡ. ಆ ಸೀಲಿಂಗಿನ ಕೆಳಗೆ ನಾಳೆ ಯಾರದೋ ಮಗು ಮಲಗುತ್ತದೆ.

ಮಣ್ಣಿನ ಮಾಳಿಗೆಯ ಹಳೆಯ ಮನೆಗಳ ಲೆಕ್ಕವೇ ಬೇರೆ. ಅಂಥ ಮನೆಯನ್ನು ಬಹಳಷ್ಟು ಜನ ಜಾಗಕ್ಕಾಗಿ ಕೊಳ್ಳುತ್ತಾರೆ, ಆದ್ದರಿಂದ ಮಳೆಗೆ ಕುಸಿಯದಂತೆ ಕಾಪಾಡುವುದರ ಆಚೆ ಖರ್ಚು ಬೇಡ. ಸಾಗವಾನಿ ಕಂಬ, ತೊಲೆ, ಕೆತ್ತನೆಯ ಬಾಗಿಲುಗಳಿದ್ದರೆ ಅವು ಮಾರಾಟದಲ್ಲಿ ಸೇರಿವೆಯೋ ಇಲ್ಲವೋ ಎಂಬುದನ್ನು ಸಂಚಕಾರ ಪತ್ರದಲ್ಲೇ ಬರೆಸಿ.

ಎರೆನೆಲದ ಬಿರುಕುಗಳು

ಈ ಭಾಗದಲ್ಲಿ ಮನೆ ಕೊಳ್ಳುವವರಿಗೆ ಬಿರುಕಿನಷ್ಟು ಭಯ ಬೇರೆ ಯಾವುದರಿಂದಲೂ ಇಲ್ಲ, ಮತ್ತು ಆ ಭಯಕ್ಕೆ ಆಧಾರವಿದೆ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಅಡಿಪಾಯ ಸಾಕಷ್ಟು ಆಳಕ್ಕೆ ಇಳಿಯದ ಮನೆ ಪ್ರತಿ ವರ್ಷವೂ ಅದರೊಡನೆ ಏಳುತ್ತ ಬೀಳುತ್ತ ಇರುತ್ತದೆ. ಆದರೆ ಎಲ್ಲ ಬಿರುಕೂ ಮಣ್ಣಿನದಲ್ಲ, ಎಲ್ಲವೂ ಅಪಾಯದ್ದೂ ಅಲ್ಲ. ಗಿಲಾವಿನ ಮೇಲಷ್ಟೇ ಇರುವ ಕೂದಲೆಳೆಯ ಗೆರೆಗಳಿಗೆ ಪುಟ್ಟಿ ಸಾಕು. ಕಾಂಕ್ರೀಟ್ ಕಂಬವೂ ಇಟ್ಟಿಗೆಯ ಗೋಡೆಯೂ ಸೇರುವಲ್ಲಿ ಉದ್ದಕ್ಕೆ ಬಿಡುವ ಸಂದು ಎರಡು ವಸ್ತುಗಳು ಬೇರೆ ಬೇರೆಯಾಗಿ ಹಿಗ್ಗುವುದರಿಂದ ಬಂದದ್ದು. ಅಲ್ಲಿ ಗಿಲಾವು ಕಿತ್ತು ಜಾಳಿಗೆ ಬಡಿದು ಮತ್ತೆ ಗಿಲಾವು ಮಾಡಿಸಬೇಕು. ಸ್ಲ್ಯಾಬಿನ ಕೆಳಗೆ ಗೋಡೆಯ ತಲೆಯಲ್ಲಿ ಅಡ್ಡಡ್ಡಕ್ಕೆ ಓಡುವ ಬಿರುಕು ಬಿಸಿಲಿಗೆ ಸ್ಲ್ಯಾಬು ಹಿಗ್ಗಿ ಗೋಡೆಯನ್ನು ತಳ್ಳುವುದರಿಂದ ಆಗುತ್ತದೆ, ಮಾಳಿಗೆಗೆ ಬಿಳಿಯ ಲೇಪನ ಕೊಟ್ಟರೆ ಆ ಕಾವು ತಗ್ಗುತ್ತದೆ. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ, ಮೆಟ್ಟಿಲಿನ ಹಾಗೆ ಇಟ್ಟಿಗೆಯ ಸಂದುಗಳನ್ನು ಹಿಡಿದು ಏರುವ ಬಿರುಕು ಮಾತ್ರ ಅಡಿಪಾಯದ ಚಲನೆಯ ಗುರುತು.

ಆ ಓರೆ ಬಿರುಕನ್ನು ಕಂಡ ಕೂಡಲೇ ಸಿಮೆಂಟು ತುಂಬಿಸಬೇಡಿ. ಅದರ ಎರಡೂ ತುದಿಯಲ್ಲಿ ಗೆರೆ ಎಳೆದು ತಾರೀಖು ಹಾಕಿ, ಅತ್ಯಂತ ಅಗಲವಾದ ಕಡೆ ಅಳತೆಪಟ್ಟಿಯಿಂದ ಅಗಲವನ್ನು ಬರೆದಿಟ್ಟುಕೊಳ್ಳಿ. ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್‌ನಲ್ಲೊಮ್ಮೆ ಅಳೆದರೆ ಸಂಗತಿ ತಿಳಿಯುತ್ತದೆ: ಬೇಸಿಗೆಯಲ್ಲಿ ಅಗಲವಾಗಿ ಮಳೆಗೆ ಕೂಡಿಕೊಳ್ಳುವುದಾದರೆ ಅದು ಮಣ್ಣಿನ ಉಸಿರಾಟ, ಎರಡೂ ಕಾಲದಲ್ಲಿ ಬೆಳೆಯುತ್ತಲೇ ಇದ್ದರೆ ಅಥವಾ 5 ಮಿಲಿಮೀಟರ್ ಮೀರಿದ್ದರೆ ಇಂಜಿನಿಯರನ್ನು ಕರೆಸಿ ಬರಹದಲ್ಲಿ ವರದಿ ಪಡೆಯಿರಿ. ಆ ವರದಿಗೆ ಕೊಡುವ ಶುಲ್ಕ ಇಡೀ ದುರಸ್ತಿಯಲ್ಲಿ ಅತ್ಯಂತ ಸಾರ್ಥಕವಾದ ಖರ್ಚು, ಏಕೆಂದರೆ ಕೊಳ್ಳುವವರೊಡನೆ ಬರುವ ಪರಿಚಯದ ಗವಂಡಿ ಬಿರುಕನ್ನು ಕಂಡು ಏನನ್ನಾದರೂ ಹೇಳಬಹುದು, ಆಗ ನಿಮ್ಮ ಕೈಯಲ್ಲಿ ಕಾಗದವಿರುತ್ತದೆ.

ಮಣ್ಣಿನ ಚಲನೆಗೆ ಮದ್ದು ಗೋಡೆಯಲ್ಲಿಲ್ಲ, ನೀರಿನಲ್ಲಿದೆ. ಅಡಿಪಾಯದ ಸುತ್ತಲಿನ ಮಣ್ಣು ವರ್ಷವಿಡೀ ಒಂದೇ ಹದದಲ್ಲಿರುವಂತೆ ನೋಡಿಕೊಳ್ಳಬೇಕು. ಮಾಳಿಗೆಯ ನೀರು ಗೋಡೆಯ ಬುಡಕ್ಕೆ ಸುರಿಯುತ್ತಿದ್ದರೆ ಪೈಪು ಇಳಿಸಿ ದೂರಕ್ಕೆ ಹಾಯಿಸಿ. ಬಚ್ಚಲಿನ ಮೋರಿ, ಇಂಗುಗುಂಡಿ ಗೋಡೆಗೆ ಹತ್ತಿಕೊಂಡಿದ್ದರೆ ಸರಿಸಿ. ಮನೆಯ ಸುತ್ತ ಮೂರು ಅಡಿ ಅಗಲದ ಕಾಂಕ್ರೀಟಿನ ಇಲ್ಲವೆ ಪರಸಿಯ (ಚಪ್ಪಡಿ ಕಲ್ಲಿನ) ಹಾಸನ್ನು ಹೊರಕ್ಕೆ ಇಳಿಜಾರಾಗುವಂತೆ ಹಾಕಿಸಿ. ನೆಲದ ಟಾಕಿ ಸೋರುತ್ತಿದೆಯೇ ಎಂದು ತಿಳಿಯಲು ರಾತ್ರಿ ಪೂರ್ತಿ ತುಂಬಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ಎಲ್ಲ ನಳಗಳನ್ನೂ ಮುಚ್ಚಿ ಬೆಳಿಗ್ಗೆ ನೋಡಿದರೆ ಸಾಕು. ಗೋಡೆಯ ಪಕ್ಕದ ಬೇವಿನ ಮರವೇ ಕಾರಣವೆಂದು ಅದನ್ನು ಕಡಿಯಲು ಹೊರಡುವವರಿದ್ದಾರೆ. ದೊಡ್ಡ ಮರ ಹೀರುತ್ತಿದ್ದ ನೀರು ಒಮ್ಮೆಲೇ ಮಣ್ಣಿನಲ್ಲಿ ಉಳಿದರೆ ಎರೆಮಣ್ಣು ಉಬ್ಬಿ ಹೊಸ ಬಿರುಕುಗಳನ್ನು ಹುಟ್ಟಿಸುತ್ತದೆ, ಮೇಲಾಗಿ ಊರೊಳಗಿನ ಮರ ಕಡಿಯಲು ಅನುಮತಿಯೂ ಬೇಕು.

ನೀರಿನ ಕೆಲಸ ಮುಗಿದು ಒಂದೆರಡು ತಿಂಗಳು ಕಳೆದ ಮೇಲೆ ಬಿರುಕನ್ನು ತುಂಬಿಸಿ, ಅದೂ ಗಡುಸಾದ ಸಿಮೆಂಟಿನಿಂದಲ್ಲ, ಸ್ವಲ್ಪ ಹಿಗ್ಗಿ ಕುಗ್ಗಬಲ್ಲ ಸೀಲಂಟಿನಿಂದ. ನಾವು ಮೊದಲ ಸಲ ಅವಸರದಲ್ಲಿ ಸಿಮೆಂಟು ತುಂಬಿಸಿ ಬಣ್ಣ ಹಚ್ಚಿಸಿದ್ದೆವು. ಮುಂದಿನ ಬೇಸಿಗೆಗೆ ಅದೇ ಗೆರೆ, ಅದೇ ಜಾಗದಲ್ಲಿ, ಹೊಸ ಬಣ್ಣವನ್ನು ಸೀಳಿಕೊಂಡು ಬಂದಿತು.

ಬಿರುಕನ್ನು ಮುಚ್ಚಿಟ್ಟು ಮಾರುವುದು ಕಾನೂನಿಗೂ ಒಪ್ಪಿತವಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಪ್ರಕರಣದ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ಮಾರುವವರಿಗೆ ತಿಳಿದಿದ್ದು ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣಲಾಗದಂಥ ಮುಖ್ಯ ದೋಷವನ್ನು, ಅದು ಕಟ್ಟಡದ್ದಾಗಲಿ ಹಕ್ಕಿನದ್ದಾಗಲಿ, ಮಾರುವವರೇ ತಿಳಿಸಬೇಕು. ಬಿರುಕು ಇತ್ತು, ಕಾರಣ ಇದು, ಈ ತಾರೀಖಿಗೆ ಈ ಕೆಲಸ ಮಾಡಿಸಿದ್ದೇವೆ ಎಂದು ಫೋಟೋಸಹಿತ ತೋರಿಸಿದರೆ ಕೊಳ್ಳುವವರು ಓಡಿಹೋಗುವುದಿಲ್ಲ. ನಮ್ಮ ಮನೆಯನ್ನು ಕೊಂಡವರು ಆ ಫೋಟೋಗಳನ್ನು ನೋಡಿದ ಮೇಲೆಯೇ ಮಾತಿಗೆ ಕೂತರು.

ನೀರು, ಕರೆಂಟು, ನೆಲ

ಸೋರುವ ನಳ, ತುಂಬಿ ಹರಿಯುವ ಟಾಕಿ, ಕಟ್ಟಿಕೊಂಡ ಮೋರಿ ಇವನ್ನು ಸರಿಮಾಡಿಸುವುದು ಅಗ್ಗದ ಕೆಲಸ, ಬಿಟ್ಟರೆ ಮಾತ್ರ ಮನೆಯನ್ನು ನೋಡಿಕೊಂಡಿಲ್ಲವೆಂಬ ಭಾವನೆ ಬರುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನ ಬಿಳಿ ಕಲೆಯನ್ನು ಆ್ಯಸಿಡ್ ಸುರಿದು ತೆಗೆಯಲು ಹೋಗಬೇಡಿ. ಶಹಾಬಾದ್ ಪರಸಿ ಸುಣ್ಣಕಲ್ಲಿನ ಜಾತಿಯದು. ಆ್ಯಸಿಡ್ ತಾಗಿದರೆ ಮೇಲ್ಮೈ ಸುಟ್ಟು ಒರಟಾಗುತ್ತದೆ. ಹಳೆಯ ಪರಸಿಯ ನೆಲ ಗಟ್ಟಿಯಾಗಿದ್ದರೆ ಕಿತ್ತು ಟೈಲ್ಸ್ ಹಾಕಿಸುವುದಕ್ಕಿಂತ ಸಂದು ತುಂಬಿಸಿ ಪಾಲಿಶ್ ಮಾಡಿಸಿ, ಬೇಸಿಗೆಯಲ್ಲಿ ಆ ನೆಲದ ತಂಪು ಏನೆಂಬುದು ಇಲ್ಲಿಯ ಜನಕ್ಕೆ ಗೊತ್ತು. ಇಳಕಲ್ಲಿನ ಕೆಂಪು ಗ್ರಾನೈಟ್ ಇರುವ ಕಟ್ಟೆ, ಮೆಟ್ಟಿಲುಗಳಿಗೂ ಇದೇ ಮಾತು.

ವೈರಿಂಗ್ ಹಳೆಯದಾದರೆ ಪರವಾನಗಿಯುಳ್ಳ ವಿದ್ಯುತ್ ಗುತ್ತಿಗೆದಾರರಿಂದ ಪರೀಕ್ಷೆ ಮಾಡಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿತಗೊಳಿಸುವ ಸ್ವಿಚ್) ಕೂರಿಸಿ, ಅರ್ಥಿಂಗ್ ಸರಿಯಿದೆಯೇ ನೋಡಿಸಿ. ಎರೆಮಣ್ಣು ಒಣಗಿ ಬಾಯಿಬಿಟ್ಟಾಗ ಅರ್ಥಿಂಗ್ ಗುಂಡಿಯ ಹಿಡಿತ ತಪ್ಪುವುದುಂಟು. ಹೆಸ್ಕಾಂನ ಕರೆಂಟು ಬಾಕಿಯನ್ನು ತೀರಿಸಿ, ಸಂಪರ್ಕದ ಆರ್.ಆರ್. ನಂಬರ್ ಯಾರ ಹೆಸರಿನಲ್ಲಿದೆಯೆಂದು ನೋಡಿಟ್ಟುಕೊಳ್ಳಿ.

ಹಣದ ಮಿತಿ

ನಾನು ಹಾಕಿಕೊಳ್ಳುವ ಮಿತಿ, ನಿರೀಕ್ಷಿಸುವ ಬೆಲೆಯ ನೂರಕ್ಕೆ ಎರಡು. 60 ಲಕ್ಷದ ಮನೆಗೆ 1,20,000 ರೂಪಾಯಿ. ಅದರಲ್ಲಿ 20,000ವನ್ನು ಆರಂಭದಲ್ಲೇ ತೆಗೆದು ಬದಿಗಿಡುವುದು, ಏಕೆಂದರೆ ಗಿಲಾವು ಕಿತ್ತ ಮೇಲೆ ಒಳಗೆ ಏನು ಕಾಣುತ್ತದೋ ಯಾರಿಗೂ ತಿಳಿಯದು. ಇದು ನಿಯಮವಲ್ಲ, ನನ್ನ ಅಂದಾಜು. ಕೆಲಸ ಇದಕ್ಕಿಂತ ದೊಡ್ಡದೆಂದು ಇಂಜಿನಿಯರ್ ಹೇಳಿದರೆ ಅದನ್ನು ಮಾಡಿಸದೆ, ಅವರ ಅಂದಾಜು ಪಟ್ಟಿಯನ್ನು ಕೊಳ್ಳುವವರ ಮುಂದಿಟ್ಟು ಅಷ್ಟನ್ನು ಬೆಲೆಯಲ್ಲಿ ಇಳಿಸುವುದು ಲೇಸು. ಪಟ್ಟಿಯಿಲ್ಲದಿದ್ದರೆ ಕೊಳ್ಳುವವರು ಕಾಣದ ಖರ್ಚನ್ನು ತಮ್ಮ ಭಯದ ಅಳತೆಯಲ್ಲಿ ಅಳೆಯುತ್ತಾರೆ, ಅದು ಯಾವಾಗಲೂ ನಿಜವಾದ ಖರ್ಚಿಗಿಂತ ಹೆಚ್ಚು.

ಪ್ರತಿಯೊಂದು ಬಿಲ್ಲನ್ನೂ ಎತ್ತಿಡಿ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆಯನ್ನು ಮಾರಿದಾಗ ಬರುವ ಲಾಭ ದೀರ್ಘಾವಧಿಯ ಬಂಡವಾಳ ಲಾಭ. 2024ರ ಜುಲೈ 23ರಿಂದ ಅದರ ತೆರಿಗೆ ಸೂಚ್ಯಂಕದ (ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸುವ) ಲೆಕ್ಕವಿಲ್ಲದೆ ಶೇ 12.5, ಅದಕ್ಕೂ ಮೊದಲು ಕೊಂಡ ಮನೆಯಾದರೆ ಇಲ್ಲಿ ನೆಲೆಸಿರುವ ವ್ಯಕ್ತಿಗಳಿಗೆ ಸೂಚ್ಯಂಕ ಸೇರಿಸಿ ಶೇ 20ರಂತೆ ಲೆಕ್ಕ ಹಾಕಿ ಕಡಿಮೆಯಾದದ್ದನ್ನು ಕಟ್ಟುವ ಅವಕಾಶವಿದೆ. ಮನೆಗೆ ಶಾಶ್ವತವಾಗಿ ಸೇರಿದ ಅಭಿವೃದ್ಧಿಯ ವೆಚ್ಚವನ್ನು ಲಾಭದಿಂದ ಕಳೆಯಬಹುದು, ಬಣ್ಣ, ತೇಪೆಯಂಥ ಸಾಮಾನ್ಯ ದುರಸ್ತಿಯನ್ನು ಕಳೆಯಲಾಗದು. ಯಾವ ಬಿಲ್ಲು ಯಾವ ಕಡೆಗೆ ಎನ್ನುವುದನ್ನು ಲೆಕ್ಕಪರಿಶೋಧಕರು ಹೇಳುತ್ತಾರೆ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಕೊಳ್ಳುವವರು ಶೇ 1ರಷ್ಟು ತೆರಿಗೆಯನ್ನು ಮುರಿದುಕೊಂಡೇ ಹಣ ಕೊಡುತ್ತಾರೆ. ಸಂಚಕಾರವೆಂದು 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಹಣವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ.

ಮಾಡಿಸದಿದ್ದರೆ ಒಳ್ಳೆಯದೆನ್ನುವ ಕೆಲಸಗಳೂ ಇವೆ. ಅಡುಗೆಮನೆಗೆ ಮಾಡ್ಯುಲರ್ ಕಪಾಟು, ಪಡಸಾಲೆಗೆ ಬಣ್ಣದ ದೀಪಗಳ ಸೀಲಿಂಗ್, ಬಚ್ಚಲಿಗೆ ಗಾಜಿನ ಪರದೆ ಇವಕ್ಕೆ ಹಾಕಿದ್ದು ಮರಳುವುದಿಲ್ಲ. ವಾಸ್ತುವಿಗಾಗಿ ಬಾಗಿಲು ಸರಿಸುವುದಂತೂ ಬೇಡವೇ ಬೇಡ, ಕೊಳ್ಳುವವರು ತಮ್ಮ ವಾಸ್ತು ಪಂಡಿತರನ್ನು ಕರೆತಂದೇ ತರುತ್ತಾರೆ, ಇಬ್ಬರು ಪಂಡಿತರ ಮಾತು ಒಂದಾಗಿದ್ದನ್ನು ನಾನು ಕಂಡಿಲ್ಲ. ದೇವರ ಜಗುಲಿಯನ್ನು ಮಾತ್ರ ಒಡೆಯದೆ, ಸ್ವಚ್ಛವಾಗಿ, ಹಾಗೆಯೇ ಉಳಿಸಿ.

ಗವಂಡಿಯೊಡನೆ ಕರಾರು, ಕೆಲಸದ ಅನುಕ್ರಮ

ಕೆಲಸ ಮೇಲಿನಿಂದ ಕೆಳಕ್ಕೆ, ಒದ್ದೆಯಿಂದ ಒಣಕ್ಕೆ ಸಾಗಬೇಕು. ಮಾಳಿಗೆ, ಮನೆಯ ಸುತ್ತಲಿನ ನೀರಿನ ಹರಿವು, ಪೈಪುಗಳು, ವೈರಿಂಗಿಗಾಗಿ ಗೋಡೆ ಕೊರೆಯುವುದು, ಗಿಲಾವು, ನೆಲ, ಬಾಗಿಲು ಕಿಟಕಿ, ಒರಲಿ (ಗೆದ್ದಲು) ಔಷಧ, ಕಟ್ಟಕಡೆಗೆ ಬಣ್ಣ. ಹೊಸ ಗಿಲಾವು ನೀರುಂಡು, ಮತ್ತೆ ಪೂರ್ತಿ ಆರಲು ಸುಮಾರು ನಾಲ್ಕು ವಾರ ಬೇಕು. ಅದಕ್ಕೂ ಮುಂಚೆ ಪುಟ್ಟಿ, ಬಣ್ಣ ಹಚ್ಚಿದರೆ ಒಳಗಿನ ತೇವ ಉಪ್ಪನ್ನು ಹೊತ್ತು ಹೊರಬಂದು ಬಣ್ಣ ಹೊಪ್ಪಳಿಕೆ ಏಳುತ್ತದೆ. ಬಣ್ಣವೂ ಎಲ್ಲ ಕೋಣೆಗೆ ಒಂದೇ ತಿಳಿಯ ಬಣ್ಣವಾದರೆ ಸಾಕು.

ಗವಂಡಿಯೊಡನೆ ಮಾತಾಡುವಾಗ ಕೂಲಿ ಬೇರೆ, ಸಾಮಾನು ಬೇರೆ ಎಂದು ವಿಂಗಡಿಸಿ. ಗುತ್ತಿಗೆ ಕೊಟ್ಟರೆ ಚದರಡಿಗೆ ಎಷ್ಟು, ಕಿಟಕಿ ಬಾಗಿಲಿನ ಜಾಗವನ್ನು ಕಳೆದು ಅಳೆಯುವುದೋ ಸೇರಿಸಿ ಅಳೆಯುವುದೋ, ಕಿತ್ತ ಮಣ್ಣನ್ನು ಹೊರಹಾಕುವುದು ಯಾರ ಪಾಲು, ಇವನ್ನು ಒಂದು ವಹಿಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಉಸುಕು ಬ್ರಾಸ್ ಲೆಕ್ಕದಲ್ಲಿ ಬರುತ್ತದೆ, ಒಂದು ಬ್ರಾಸ್ ಎಂದರೆ 100 ಘನ ಅಡಿ. ಟ್ರ್ಯಾಕ್ಟರ್ ಡಬ್ಬಿಯನ್ನು ಸುರಿಯುವ ಮುನ್ನವೇ ಅಳೆಯಿರಿ. ಹಣವನ್ನು ಕೆಲಸ ಮುಗಿದಷ್ಟಕ್ಕೆ ಕಂತಿನಲ್ಲಿ ಕೊಟ್ಟು, ಕೊನೆಯ ಕಂತನ್ನು ಮಾಳಿಗೆಗೆ ಮತ್ತೊಮ್ಮೆ ನೀರು ಕಟ್ಟಿ ನೋಡಿದ ಮೇಲೆ ಕೊಡಿ. ಕೂಲಿಯವರ ಪಗಾರವನ್ನು ಮಾತ್ರ ವಾರ ತಪ್ಪಿಸಬಾರದು.

ತೋರಿಸುವ ದಿನ

ಮನೆ ತೋರಿಸಲು ಬೆಳಗಿನ ಹೊತ್ತು ಒಳ್ಳೆಯದು, ನಳಕ್ಕೆ ನೀರು ಬರುವ ದಿನವಾದರೆ ಇನ್ನೂ ಒಳ್ಳೆಯದು. ಕಿಟಕಿಗಳನ್ನೆಲ್ಲ ತೆರೆದಿಡಿ, ಗೋಡೆಗೆ ಒರಗಿಸಿದ ಕಪಾಟುಗಳನ್ನು ಒಂದಡಿ ಮುಂದಕ್ಕೆ ಸರಿಸಿ ಹಿಂದಿನ ಗೋಡೆ ಕಾಣುವಂತೆ ಮಾಡಿ, ಮಾಳಿಗೆಯ ಬಾಗಿಲಿನ ಬೀಗ ಮೊದಲೇ ತೆಗೆದಿರಲಿ. ಬಂದವರಿಗೆ ಚಹಾ ಕೊಟ್ಟು ಫೈಲನ್ನು ಅವರ ಕೈಗೇ ಕೊಡಿ: ಕಾಗದಪತ್ರಗಳ ಝೆರಾಕ್ಸ್, ಇಂಜಿನಿಯರ್ ವರದಿ, ದುರಸ್ತಿಯ ಮುಂಚಿನ ಮತ್ತು ನಂತರದ ಫೋಟೋ, ಬಿಲ್ಲುಗಳು, ಗೋಡೆ ಮುಚ್ಚುವ ಮುನ್ನ ಪೈಪು ಮತ್ತು ವೈರು ಎಲ್ಲಿ ಹಾದುಹೋಗಿವೆ ಎಂದು ತೆಗೆದ ಚಿತ್ರಗಳು. ಮಾಡಿಸದೆ ಬಿಟ್ಟ ಕೆಲಸಗಳ ಪಟ್ಟಿಯನ್ನೂ ಅದರಲ್ಲೇ ಇಡಿ. ಬೆಲೆಯ ಮಾತು ಅಲ್ಲಿಂದ ಶುರುವಾಗಲಿ.